ಅಮ್ಮ ತೊದಲಬಾರದು

ಇದ್ದದ್ದು ಒಂದೇ ಟೇಪು, ಎಂಟು ಮಿಲಿಮೀಟರಿನದು.
ಬೆನ್ನ ಮೇಲೆ ಅಪ್ಪನ ಅಕ್ಷರ: ‘ಅಡುಗೆಮನೆ, ಜುಲೈ’.
ಅಂಗಡಿಯವನು ಅದನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟ,
ಹದಿಮೂರು ಜಿಬಿಯ ಕೋಣ.
ಅಪ್ಪನ ಟಿವಿಗೋ ಎಂಪಿಫೋರ್ ಬಿಟ್ಟು
ಬೇರೇನೂ ಅರಗದು.

ಪಾಯ್ಸಾಂದೂವಿನಲ್ಲಿ ಆ ಚಳಿಗಾಲ ನದಿ ಉಕ್ಕಿ
ಕೆಳಬೀದಿಯವರೆಲ್ಲ ಮನೆ ಬಿಟ್ಟಿದ್ದರು,
ಕೊಳಾಯಿ ರಿಪೇರಿಯ ನನ್ನನ್ನು ಕರೆಯುವವರಿರಲಿಲ್ಲ.
ಪಕ್ಕದ ಮನೆಯ ಮಿಲ್ತನ್
ಚೀಟಿಯಲ್ಲಿ ಐದು ಸಾಫ್ಟ್‌ವೇರುಗಳ ಹೆಸರು ಗೀಚಿಕೊಟ್ಟ.
ಐದರ ಜಾಹೀರಾತಿನಲ್ಲೂ ಒಂದೇ ಜಂಬ:
ಧ್ವನಿ ಸ್ಫಟಿಕದಷ್ಟು ಶುದ್ಧ.

ನಮ್ಮ ಮನೆಯಲ್ಲಿ ಕಿವಿ ಇದ್ದದ್ದು ನನಗೊಬ್ಬನಿಗೆ.
ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂದು ಜನ ಕೊರಗುತ್ತಾರಲ್ಲ,
ನಮ್ಮಲ್ಲಿ ಕೈಗೆ ಬಂದರೆ ಬಾಯಿಗೆ ಬಂದಂತೆಯೇ.
ಅಮ್ಮ ಬೈದದ್ದು ಬೆರಳಲ್ಲಿ, ಮಗ್ಗಿ ಕಲಿಸಿದ್ದು ಬೆರಳಲ್ಲಿ,
ಕೈತುಂಬ ಹಿಟ್ಟು ಮೆತ್ತಿದ್ದಾಗ
ಮೊಣಕೈಯಲ್ಲೇ ಗೊಣಗುತ್ತಿದ್ದಳು.

ಮೊದಲನೆಯದು ಮೂರು ನಿಮಿಷ ಬಿಟ್ಟಿ ಕೊಟ್ಟು
ಮೂಗಿಗೆ ತುಪ್ಪ ಸವರಿತು.
ಚಿತ್ರದ ನಡುಮಧ್ಯೆ ದಪ್ಪಕ್ಷರದಲ್ಲಿ ತನ್ನ ಹೆಸರು,
ಸರಿಯಾಗಿ ಅಮ್ಮನ ಎದೆಯ ಮುಂದೆ,
ಅವಳು ಮಾತಾಡುವ ಜಾಗದಲ್ಲೇ.
ಅಪ್ಪ ಅಂಗಿಯ ತೋಳಿನಿಂದ
ಟಿವಿಯ ಗಾಜು ಒರೆಸಿ ನೋಡಿದ.

ಎರಡನೆಯದು ಪರದೆ ತುಂಬಿಸುವ ಹುಮ್ಮಸ್ಸಿನಲ್ಲಿ
ಕೆಳಗಿನಿಂದ ಒಂದು ಅಂಚು ಕತ್ತರಿಸಿತು.
ಮುಖ ಉಳಿಯಿತು, ಮಾತು ಹೋಯಿತು.
ಕತ್ತರಿಸದೆ ಅಗಲಕ್ಕೆ ಎಳೆ ಎಂದೆ;
ಅಮ್ಮ ದುಂಡಗಾದಳು.
‘ಇದು ಪರವಾಗಿಲ್ಲ’ ಎಂದ ಅಪ್ಪ, ಕಣ್ಣು ಮಿಟುಕಿಸಿ.

ಮೂರನೆಯದು ಚುರುಕು.
ಕೋಣವನ್ನು ಕುರಿಮರಿ ಮಾಡಿತು,
ಸೆಕೆಂಡಿನ ಇಪ್ಪತ್ತೈದು ಚಿತ್ರಗಳಲ್ಲಿ ಹತ್ತನ್ನು ನುಂಗಿ.
ನನಗೇನೂ ತಿಳಿಯಲಿಲ್ಲ.
ಅಪ್ಪ ಮೂವತ್ತೆರಡು ವರ್ಷ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವನು,
ತಿರುಗುಮುರುಗು ಅಕ್ಷರದಲ್ಲೂ ತಪ್ಪು ಹೆಕ್ಕುವವನು,
ಮಾತೆ ಕಷಾಯದ ಬುರುಡೆ ಕೆಳಗಿಟ್ಟು ಕೈ ಎತ್ತಿದ:
‘ಇದರಲ್ಲಿ ನೇಲಿದಾ ತೊದಲುತ್ತಾಳೆ.
ಅವಳು ಯಾವತ್ತಾದರೂ ತೊದಲಿದ್ದಳೇನೋ?’

ನಾಲ್ಕನೆಯದಕ್ಕೆ ಕಾಸು ಬಿಚ್ಚಿದೆ,
ಎರಡು ನಲ್ಲಿ ಬದಲಿಸಿದ ಕೂಲಿ.
ರಾತ್ರಿಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು
ಹಸಿರು ಪಟ್ಟಿ ತೆವಳುವುದನ್ನು ಕಾದೆ.
ಬೆಳಿಗ್ಗೆ ಬಂತು ನೋಡಿ:
ಗೆರೆಯಿಲ್ಲ, ಕಲೆಯಿಲ್ಲ,
ಉಗುರಿನ ಸಂದಿಯ ಹಿಟ್ಟು ಕೂಡ ಕಾಣುತ್ತದೆ.
ತಿಂಗಳ ಇಪ್ಪತ್ತೊಂಬತ್ತು, ನ್ಯೋಕಿಯ ದಿನ.
ಅಮ್ಮ ಆಲೂಗಡ್ಡೆ ಹಿಟ್ಟು ಉರುಟುತ್ತಾಳೆ, ಕೈ ಕೊಡವುತ್ತಾಳೆ,
ಕ್ಯಾಮೆರಾದ ಈಚೆ ಕೂತ ಅಪ್ಪನಿಗೆ
ತಂಗಿಯ ಗಂಡನ ಮೇಲೆ ಒಂದಿಷ್ಟು ಚಾಡಿ ಹೇಳುತ್ತಾಳೆ,
ಮತ್ತೆ ಉರುಟುತ್ತಾಳೆ,
ಸಟಕ್ಕನೆ ಬಾಗಿಲ ಕಡೆ ತಿರುಗುತ್ತಾಳೆ.

ಅಪ್ಪ ನಿಲ್ಲಿಸಿದ. ಹಿಂದಕ್ಕೆ ಓಡಿಸಿದ. ಮತ್ತೊಮ್ಮೆ.
‘ಯಾಕೆ ತಿರುಗಿದಳು?’

ನನಗೆ ಕೇಳಿಸಿತ್ತು, ಯಾಕೆಂದು.
ಏಳು ವರ್ಷದ ನಾನು ಹೊಸಿಲಲ್ಲಿ ನಿಂತು
ಮರದ ನೆಲಕ್ಕೆ ಧಡ್ಡನೆ ಕಾಲು ಗುದ್ದಿದ್ದೆ.
ಅಮ್ಮನನ್ನು ಕರೆಯುತ್ತಿದ್ದುದೇ ಹಾಗೆ.
ಅಪ್ಪ ಹುಡುಕುತ್ತಿದ್ದುದು ಸದ್ದನ್ನಲ್ಲ:
ಆಗ ಮೇಜು ಅಲುಗಿತ್ತು, ಕ್ಯಾಮೆರಾ ಅಲುಗಿತ್ತು,
ಅಡುಗೆಮನೆಗೆ ಅಡುಗೆಮನೆಯೇ ಒಮ್ಮೆ ಜಿಗಿದಿತ್ತು.
ಆ ಜಿಗಿತ ಎಲ್ಲಿ?

ಆಯ್ಕೆಗಳ ಪಟ್ಟಿಯ ಮೂರನೆಯ ಪುಟದಲ್ಲಿ
ಯಾರೂ ಕೇಳದೆ ಟಿಕ್ ಹಾಕಿಕೊಂಡು ಕೂತಿತ್ತು:
‘ನಡುಕ ನಿವಾರಣೆ’.
ದುಡ್ಡು ಕೊಟ್ಟು
ನನ್ನ ಕೂಗನ್ನೇ ಅಳಿಸಿಕೊಂಡಿದ್ದೆ.

ಟಿಕ್ ತೆಗೆದೆ. ಇನ್ನೊಂದು ರಾತ್ರಿ, ಇನ್ನೊಂದು ಹಸಿರು ಹುಳು.
ಐದನೆಯ ಹೆಸರು ಚೀಟಿಯಲ್ಲೇ ಉಳಿಯಿತು;
ಮಿಲ್ತನ್ ಹೇಳುವಂತೆ ಅದೇ ಎಲ್ಲಕ್ಕಿಂತ ಒಳ್ಳೆಯದಂತೆ, ಇರಬಹುದು.

ಈಗ ಪ್ರತಿ ಇಪ್ಪತ್ತೊಂಬತ್ತಕ್ಕೆ
ಅಪ್ಪ ಪೆನ್‌ಡ್ರೈವ್ ಚುಚ್ಚುತ್ತಾನೆ.
ಹನ್ನೆರಡನೆಯ ನಿಮಿಷಕ್ಕೆ ಚಿತ್ರ ಗಡಗಡ ನಡುಗುತ್ತದೆ.
ಅಮ್ಮ ತಿರುಗುತ್ತಾಳೆ.
ಅಪ್ಪನೂ ಬಾಗಿಲ ಕಡೆ ನೋಡುತ್ತಾನೆ,
ನಾನು ಪಕ್ಕದಲ್ಲೇ ತಟ್ಟೆ ಹಿಡಿದು ಕೂತಿದ್ದರೂ.